ಕ್ಯಾಕ್ಟಸ್‌ಗೆ ಎಂಥ ಕುಂಡ? ನೀರು ಬಸಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಕ್ಟಸ್‌ಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ಹಾಕಿದ ನೀರು ಕುಂಡದಿಂದ ಹೊರಗೆ ಹೋಗುತ್ತದೆಯೇ, ಎಷ್ಟು ಬೇಗ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಬುಡ ಕೊಳೆತು ಸತ್ತ ಹೆಚ್ಚಿನ ಕ್ಯಾಕ್ಟಸ್‌ಗಳ ಕಥೆ ಶುರುವಾಗುವುದು ಅಲ್ಲಿಂದಲೇ. ಕುಂಡ, ಅದರ ತೂತು, ಒಳಗಿನ ಮಣ್ಣು, ಕೆಳಗಿನ ತಟ್ಟೆ ಈ ನಾಲ್ಕನ್ನೂ ಒಟ್ಟಿಗೇ ನೋಡಬೇಕು. ಒಂದು ಕೈಕೊಟ್ಟರೂ ಉಳಿದ ಮೂರು ಕೆಲಸಕ್ಕೆ ಬರುವುದಿಲ್ಲ.

ತೂತಿಲ್ಲದ ಕುಂಡದಲ್ಲಿ ಕ್ಯಾಕ್ಟಸ್ ಬೆಳೆಸಲು ಆಗುವುದೇ ಇಲ್ಲವೇ?

ಬೇಡ ಎಂದೇ ನನ್ನ ಉತ್ತರ. ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳು ನೀರು ಹಾಕಿದಾಗ ತುಂಬಿಕೊಳ್ಳುತ್ತವೆ. ಆ ನೀರು ಕೆಳಗೆ ಬಸಿದು ಹೋದಂತೆ ಮೇಲಿನಿಂದ ಹೊಸ ಗಾಳಿ ಒಳಗಿಳಿಯುತ್ತದೆ. ನೀರಿಗೆ ಹೋಗಲು ದಾರಿ ಇಲ್ಲದಿದ್ದರೆ ಗಾಳಿಗೆ ಬರಲು ಜಾಗವೂ ಇಲ್ಲ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಹಾಗಾಗಿ ದಿನಗಟ್ಟಲೆ ನೀರಲ್ಲಿ ಕೂತ ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರನ್ನು ಕೊಳೆರೋಗ ಹಿಡಿಯುತ್ತದೆ. ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳ ಬೀಜಕಣಗಳು ನೀರಿನಲ್ಲಿ ಈಜಿಕೊಂಡೇ ಬೇರನ್ನು ತಲುಪುತ್ತವೆ. ನಿಂತ ನೀರು ಅವುಗಳಿಗೆ ಹೇಳಿ ಮಾಡಿಸಿದ ಜಾಗ.

ಕ್ಯಾಕ್ಟಸ್‌ಗೆ ಈ ಅಪಾಯ ಬೇರೆ ಗಿಡಗಳಿಗಿಂತ ಹೆಚ್ಚು, ಏಕೆಂದರೆ ಅದು ನೀರನ್ನು ಖರ್ಚು ಮಾಡುವುದೇ ನಿಧಾನ. ಬಹುತೇಕ ಗಿಡಗಳು ಹಗಲಿನಲ್ಲಿ ಪತ್ರರಂಧ್ರ (ಗಿಡ ಉಸಿರಾಡುವ ಸೂಕ್ಷ್ಮ ತೂತು) ತೆರೆದರೆ ಇದು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಹೆಚ್ಚಿನವಕ್ಕೆ ನೀರು ಆವಿಯಾಗಿ ಹೋಗಲು ಎಲೆಗಳೂ ಇಲ್ಲ. ಅಗಲ ಎಲೆಯ ಗಿಡ ಎರಡು ಮೂರು ದಿನದಲ್ಲಿ ಹೀರಿ ಮುಗಿಸುವ ನೀರು ಕ್ಯಾಕ್ಟಸ್ ಕುಂಡದಲ್ಲಿ ವಾರಗಟ್ಟಲೆ ಹಾಗೇ ಉಳಿಯಬಹುದು.

ಚಮಚದಲ್ಲಿ ಅಳೆದು ಸ್ವಲ್ಪವೇ ನೀರು ಹಾಕಿದರೆ?

ಕೆಲವರು ಹಾಗೆ ಕೆಲವು ಕಾಲ ಉಳಿಸಿಕೊಳ್ಳುತ್ತಾರೆ. ಆದರೆ ಎಷ್ಟು ನೀರು ತಳ ಸೇರಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಮೇಲಿನ ಮಣ್ಣು ಒಣಗಿ ಬಿಳಿಚಿಕೊಂಡಿದ್ದಾಗಲೂ ತಳ ಒದ್ದೆಯಾಗಿರಬಹುದು. ಇನ್ನೊಂದು ತೊಂದರೆ ಲವಣದ್ದು. ನೀರಿನಲ್ಲೂ ಗೊಬ್ಬರದಲ್ಲೂ ಕರಗಿರುವ ಲವಣಕ್ಕೆ ಹೊರಹೋಗುವ ದಾರಿ ಇಲ್ಲದೆ ಅದು ಮಣ್ಣಿನಲ್ಲೇ ಜಮೆಯಾಗುತ್ತ ಹೋಗುತ್ತದೆ. ತೂತಿರುವ ಕುಂಡದಲ್ಲಾದರೆ ಆಗಾಗ ಧಾರಾಳವಾಗಿ ನೀರು ಹೊಯ್ದು ಅದನ್ನು ತೊಳೆದು ಹಾಕಬಹುದು.

ತಳಕ್ಕೆ ಜಲ್ಲಿ ಅಥವಾ ಒಡೆದ ಕುಂಡದ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಲ್ಲವೇ?

ಇಲ್ಲ. ತುಂಬ ಹಳೆಯ ಸಲಹೆ ಇದು, ಒಳ್ಳೆಯ ತೋಟಗಾರರೂ ಇಂದಿಗೂ ಹೇಳುತ್ತಾರೆ. ಆದರೆ ಇದರಿಂದ ಆಗುವುದು ಅಂದುಕೊಂಡದ್ದಕ್ಕೆ ವಿರುದ್ಧ. ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಚಪ್ಪಟೆ ಸ್ಪಂಜ್ ಒಂದನ್ನು ತೆಗೆದುಕೊಳ್ಳಿ.

ಸ್ಪಂಜನ್ನು ನೀರಲ್ಲಿ ಪೂರ್ತಿ ನೆನೆಸಿ. ಹಿಂಡಬೇಡಿ. ಅಂಚುಗಳನ್ನು ಮೆಲ್ಲಗೆ ಹಿಡಿದು ಚಪ್ಪಟೆಯಾಗಿ ಎತ್ತಿ. ಸ್ವಲ್ಪ ನೀರು ಸುರಿದು, ತೊಟ್ಟಿಕ್ಕಿ, ನಿಲ್ಲುತ್ತದೆ. ಈಗ ಅದನ್ನೇ ಉದ್ದನೆಯ ಅಂಚು ಕೆಳಗೆ ಬರುವಂತೆ ತಿರುಗಿಸಿ. ಮತ್ತೆ ನೀರು ಬರುತ್ತದೆ. ಅದೂ ನಿಂತ ಮೇಲೆ ಗಿಡ್ಡ ಅಂಚು ಕೆಳಗಾಗುವಂತೆ ನೆಟ್ಟಗೆ ಹಿಡಿಯಿರಿ, ಮತ್ತಷ್ಟು ನೀರು ಇಳಿಯುತ್ತದೆ. ಸ್ಪಂಜ್ ಅದೇ, ಅದರ ತೂತುಗಳೂ ಅವೇ, ಬದಲಾದದ್ದು ಎತ್ತರ ಮಾತ್ರ. ಪ್ರತಿ ಸಲವೂ ಕೆಳ ಅಂಚಿನ ಒಂದು ಪಟ್ಟಿ ತೊಯ್ದು ತೊಪ್ಪೆಯಾಗಿಯೇ ಉಳಿಯುತ್ತದೆ. ಹೇಗೆ ಹಿಡಿದರೂ ಆ ಪಟ್ಟಿಯ ದಪ್ಪ ಹೆಚ್ಚುಕಡಿಮೆ ಒಂದೇ. ಸ್ಪಂಜ್ ಎತ್ತರವಾದಷ್ಟೂ ಒಟ್ಟು ಗಾತ್ರದಲ್ಲಿ ಅದರ ಪಾಲು ಕಡಿಮೆಯಾಗುತ್ತದೆ.

ಕುಂಡದ ಮಣ್ಣಿನಲ್ಲೂ ನಡೆಯುವುದು ಇದೇ. ನೀರು ಬಸಿದು ನಿಂತ ಮೇಲೂ ತಳದಲ್ಲಿ ಒಂದು ಒದ್ದೆ ಪದರ ಉಳಿಯುತ್ತದೆ. ಅದರ ದಪ್ಪವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ: ಕಣ ಸಣ್ಣದಾದಷ್ಟೂ ಪದರ ದಪ್ಪ. ಇನ್ನು ಕೆಳಗೆ ಜಲ್ಲಿ ಇದ್ದರೆ, ಮಣ್ಣಿನ ಸಣ್ಣ ಸಂದಿನಲ್ಲಿ ಹಿಡಿದುಕೊಂಡಿರುವ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಮ್ಮನೆ ಇಳಿಯುವುದಿಲ್ಲ. ಮೇಲಿನ ಮಣ್ಣು ತಾಳಲಾರದಷ್ಟು ತುಂಬಿದ ಮೇಲೆಯೇ ಇಳಿಯುತ್ತದೆ. ಅಂದರೆ ಒದ್ದೆ ಪದರ ಮಾಯವಾಗುವ ಬದಲು ಜಲ್ಲಿಯ ಮೇಲಕ್ಕೆ ಹತ್ತಿ ಕೂರುತ್ತದೆ. 10 ಸೆಂ.ಮೀ. ಎತ್ತರದ ಕುಂಡದಲ್ಲಿ ಒದ್ದೆ ಪದರ 3 ಸೆಂ.ಮೀ. ಇದೆ ಎಂದುಕೊಳ್ಳಿ. ಬೇರಿಗೆ 7 ಸೆಂ.ಮೀ. ಗಾಳಿಯಾಡುವ ಮಣ್ಣು ಸಿಗುತ್ತದೆ. ತಳದ 3 ಸೆಂ.ಮೀ.ಗೆ ಜಲ್ಲಿ ತುಂಬಿದರೆ ಉಳಿಯುವುದು 4 ಸೆಂ.ಮೀ. ಮಾತ್ರ.

ಹಾಗಾಗಿ ಮೇಲಿನಿಂದ ತಳದವರೆಗೆ ಒಂದೇ ಮಿಶ್ರಣ ತುಂಬಿ. ಜಲ್ಲಿ ಇದ್ದರೆ ಅದನ್ನು ಮಿಶ್ರಣದೊಳಗೇ ಕಲಸಿ, ಇಲ್ಲವೇ ಮೇಲ್ಗಡೆ ಹರಡಿ. ಗಿಡದ ಕುತ್ತಿಗೆಯ ಸುತ್ತ ಒಣ ಜಲ್ಲಿಯ ಪದರ ಇದ್ದರೆ ಬುಡಕ್ಕೆ ಹಸಿ ಮಣ್ಣು ತಾಗುವುದಿಲ್ಲ, ನೀರು ಹಾಕುವಾಗ ಮಣ್ಣೂ ಸಿಡಿಯುವುದಿಲ್ಲ. ತಳಕ್ಕೆ ಇದ್ದಿಲು ಹಾಕಿದರೂ ಒದ್ದೆ ಪದರದ ಲೆಕ್ಕ ಬದಲಾಗದು.

ತಳದಲ್ಲಿ ಉಳಿಯುವ ಆ ನೀರನ್ನು ತೆಗೆಯಲು ದಾರಿ ಇದೆಯೇ?

ಇದೆ, ಸುಲಭದ್ದೇ. ನೀರು ಹಾಕಿ, ತೂತಿನಿಂದ ತೊಟ್ಟಿಕ್ಕುವುದು ನಿಂತ ಮೇಲೆ ಕುಂಡವನ್ನು ಒಂದು ಕಡೆಗೆ ಸುಮಾರು 45 ಡಿಗ್ರಿ ವಾಲಿಸಿ ಹಿಡಿಯಿರಿ. ತೂತು ಅಂಚಿನಲ್ಲಿದ್ದರೆ ಆ ಕಡೆಗೇ ವಾಲಿಸಿ. ಮತ್ತೊಂದಿಷ್ಟು ನೀರು ಹೊರಬರುತ್ತದೆ. ಸ್ಪಂಜ್ ತಿರುಗಿಸಿದಾಗ ಬಂದಂತೆ. ಇನ್ನೊಂದು ಉಪಾಯ ಬತ್ತಿಯದು: ನೀರು ಹೀರುವ ನೈಲಾನ್ ಹಗ್ಗದ ತುಂಡೊಂದನ್ನು ತೂತಿನ ಮೂಲಕ ಮಣ್ಣಿನೊಳಕ್ಕೆ ಒಂದೆರಡು ಸೆಂ.ಮೀ. ತೂರಿಸಿ, ಉಳಿದದ್ದು ಕೆಳಗೆ ಜೋತಾಡುವಂತೆ ಬಿಡಿ. ತಳದ ನೀರು ಅದರ ಗುಂಟ ಇಳಿಯುತ್ತದೆ. ಕುಂಡವನ್ನು ಎತ್ತರದಲ್ಲಿ ಇಟ್ಟರೆ ಮಾತ್ರ ಇದು ಕೆಲಸ ಮಾಡುತ್ತದೆ.

ತೂತು ಎಷ್ಟಿರಬೇಕು, ಎಷ್ಟು ದೊಡ್ಡದಿರಬೇಕು?

10 ಸೆಂ.ಮೀ. ಅಗಲದ ಕುಂಡಕ್ಕೆ 1ರಿಂದ 1.5 ಸೆಂ.ಮೀ.ನ ಒಂದು ತೂತು, ಇಲ್ಲವೇ 5–6 ಮಿ.ಮೀ.ನ ನಾಲ್ಕೈದು ತೂತು ಇದ್ದರೆ ಸಾಕು. ಕುಂಡ ದೊಡ್ಡದಾದಂತೆ ಸಂಖ್ಯೆ ಹೆಚ್ಚಬೇಕು. ಸೂಜಿ ಚುಚ್ಚಿದಂಥ ಸಣ್ಣ ತೂತಿನಲ್ಲಿ ನೀರು ಹನಿಯಾಗಿ ಅಂಟಿಕೊಂಡು ನಿಂತುಬಿಡುತ್ತದೆ.

ಕೊಳ್ಳುವಾಗ ಕುಂಡವನ್ನು ಮಗುಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪ್ಲಾಸ್ಟಿಕ್ ಕುಂಡದ ತಳದಲ್ಲಿ ತೂತಿನ ಗುರುತಷ್ಟೇ ಇದ್ದು, ಅದನ್ನು ನಾವೇ ತೆರೆಯಬೇಕಾಗಿರುವುದು ಸಾಮಾನ್ಯ. ಮಣ್ಣಿನ ಕುಂಡದಲ್ಲಿ ಮಾಡುವಾಗಲೇ ಹಸಿ ಮಣ್ಣು ಮೆತ್ತಿಕೊಂಡು ತೂತು ಅರ್ಧ ಮುಚ್ಚಿರುವುದೂ ಉಂಟು. ತೂತು ಇರುವ ಜಾಗವನ್ನೂ ಗಮನಿಸಿ. ಕೆಲವು ಕುಂಡಗಳ ತಳದ ನಡುಭಾಗ ಒಳಕ್ಕೆ ಉಬ್ಬಿದ್ದು, ತೂತು ಆ ಉಬ್ಬಿನ ನೆತ್ತಿಯಲ್ಲಿರುತ್ತದೆ. ಆಗ ಸುತ್ತಲಿನ ತಗ್ಗಿನಲ್ಲಿ ನೀರು ಉಳಿದೇ ಉಳಿಯುತ್ತದೆ. ತೂತು ತಳದ ಅತಿ ತಗ್ಗಿನ ಜಾಗದಲ್ಲಿರಬೇಕು. ತಳದ ಜೊತೆಗೆ ಪಕ್ಕದ ಅಂಚಿನಲ್ಲೂ ಸೀಳುಗಳಿರುವ ಪ್ಲಾಸ್ಟಿಕ್ ಕುಂಡಗಳು ನನ್ನ ಮೆಚ್ಚಿನವು. ಸಮತಟ್ಟಾದ ಜಾಗದಲ್ಲಿಟ್ಟರೂ ಅವುಗಳ ದಾರಿ ಮುಚ್ಚುವುದಿಲ್ಲ.

ತೂತಿನಿಂದ ಮಣ್ಣು ಉದುರುತ್ತದೆ. ಏನು ಮುಚ್ಚಬೇಕು?

ಸೊಳ್ಳೆ ಪರದೆಯ ಒಂದು ತುಂಡು ಸಾಕು. ಚಪ್ಪಟೆ ಕಲ್ಲು ಅಥವಾ ಚೂರನ್ನು ತೂತಿನ ಮೇಲೆ ಬಿಗಿಯಾಗಿ ಕೂರಿಸಬೇಡಿ.

ಮಣ್ಣಿನ ಕುಂಡ ಒಳ್ಳೆಯದೋ ಪ್ಲಾಸ್ಟಿಕ್ಕೋ?

ಎರಡರಲ್ಲೂ ಅದ್ಭುತವಾಗಿ ಬೆಳೆದ ಕ್ಯಾಕ್ಟಸ್‌ಗಳಿವೆ. ಯಾವುದು ನಿಮ್ಮ ಕೈಗೆ ಒಗ್ಗುತ್ತದೆ ಎಂಬುದು ನೀವು ನೀರು ಹಾಕುವ ರೀತಿಯ ಮೇಲೆ ನಿಂತಿದೆ.

ಹೊಳಪು ಲೇಪಿಸದ ಸುಟ್ಟ ಮಣ್ಣಿನ ಕುಂಡದ ಗೋಡೆಯೇ ನೀರನ್ನು ಹೀರಿ ಹೊರಗೆ ಆವಿಯಾಗಿಸುತ್ತದೆ. ಮಣ್ಣು ಮೇಲಿನಿಂದ ಮಾತ್ರವಲ್ಲ, ಸುತ್ತಲಿನಿಂದಲೂ ಒಣಗುತ್ತದೆ. ಕೈ ಬಿಚ್ಚಿ ನೀರು ಹಾಕುವವರಿಗೆ, ತೇವದ ಹವೆಯಲ್ಲಿ ಬೆಳೆಸುವವರಿಗೆ, ಬಿಸಿಲು ಕಡಿಮೆ ಬೀಳುವ ಕಡೆ ಇಡುವವರಿಗೆ ಇದೇ ಸುರಕ್ಷಿತ. ಭಾರವಾದ್ದರಿಂದ ಎತ್ತರದ ಕಂಬಗಳ್ಳಿ ಗಾಳಿಗೆ ಉರುಳುವುದಿಲ್ಲ. ತೊಂದರೆಗಳೂ ಇವೆ. ಬೇರು ಒಳಗೋಡೆಗೆ ಅಂಟಿಕೊಂಡು, ಕುಂಡ ಬದಲಿಸುವಾಗ ಹರಿಯುತ್ತದೆ. ಕಡು ಬಿಸಿಲಿನಲ್ಲಿ ಸಣ್ಣ ಕುಂಡ ಒಂದೇ ದಿನದಲ್ಲಿ ಒಣಗಿ, ಗೋಡೆಯ ಬಳಿಯ ಎಳೆಬೇರುಗಳು ಸುಟ್ಟುಹೋಗುತ್ತವೆ. ಹೊರಗೋಡೆಯ ಮೇಲೆ ಬಿಳಿ ಪುಡಿ ಕಾಣಿಸಿಕೊಂಡರೆ ಅದು ನೀರು ಆವಿಯಾಗಿ ಬಿಟ್ಟುಹೋದ ಲವಣ. ಗೋಡೆ ಉಸಿರಾಡುತ್ತಿದೆ ಎಂಬುದರ ಗುರುತು ಅದು, ನಿಮ್ಮ ನೀರು ಗಡಸು ಎಂಬುದರ ಸೂಚನೆಯೂ ಹೌದು.

ಪ್ಲಾಸ್ಟಿಕ್ ಗೋಡೆಯಿಂದ ನೀರು ಹೋಗುವುದಿಲ್ಲ. ಎಲ್ಲ ಭಾರವೂ ತೂತಿನ ಮೇಲೆ, ಮಣ್ಣಿನ ಮಿಶ್ರಣದ ಮೇಲೆ ಬೀಳುತ್ತದೆ. ಮಿಶ್ರಣ ಚೆನ್ನಾಗಿ ಬಸಿಯುವಂಥದ್ದಾದರೆ ಪ್ಲಾಸ್ಟಿಕ್‌ನಲ್ಲಿ ತೇವ ಎಲ್ಲ ಕಡೆ ಸಮನಾಗಿರುತ್ತದೆ, ಬೇರು ಮಣ್ಣಿನ ತುಂಬ ಹರಡುತ್ತದೆ. ನೂರಾರು ಕ್ಯಾಕ್ಟಸ್ ಸಾಕುವವರು ಚೌಕಾಕಾರದ ಪ್ಲಾಸ್ಟಿಕ್ ಕುಂಡಗಳನ್ನೇ ಬಳಸುವುದಕ್ಕೆ ಇದೊಂದು ಕಾರಣ, ಜಾಗ ಉಳಿಯುವುದು ಇನ್ನೊಂದು. ಕಪ್ಪು ಕುಂಡ ನೇರ ಬಿಸಿಲಿನಲ್ಲಿ ತುಂಬ ಕಾಯುತ್ತದೆ, ಅಂಥ ಕಡೆ ತಿಳಿಬಣ್ಣದ್ದನ್ನು ಆರಿಸಿ. ಮೂರು ನಾಲ್ಕು ಗಿಡ ಇರುವ, ಈಗಷ್ಟೇ ಶುರು ಮಾಡಿದವರಿಗೆ ನಾನು ಮಣ್ಣಿನ ಕುಂಡವನ್ನೇ ಹೇಳುತ್ತೇನೆ. ನೀರು ಹೆಚ್ಚಾದರೂ ಅದು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ.

ಸೆರಾಮಿಕ್, ಸಿಮೆಂಟ್, ಲೋಹ, ಗಾಜು?

ಹೊಳಪು ಲೇಪಿಸಿದ ಸೆರಾಮಿಕ್ ನೋಡಲು ಮಣ್ಣಿನದಾದರೂ ವರ್ತಿಸುವುದು ಪ್ಲಾಸ್ಟಿಕ್‌ನಂತೆ. ತೂತಿದ್ದರೆ ಧಾರಾಳವಾಗಿ ಬಳಸಿ. ಹೊಸ ಸಿಮೆಂಟ್ ಕುಂಡದಿಂದ ಸುಣ್ಣದ ಅಂಶ ಇಳಿದು ಮಣ್ಣು ಕ್ಷಾರವಾಗುತ್ತದೆ. ಬಹುತೇಕ ಕ್ಯಾಕ್ಟಸ್‌ಗಳು ತುಸು ಆಮ್ಲೀಯ ಮಣ್ಣನ್ನು ಬಯಸುವುದರಿಂದ, ಕೆಲವು ವಾರ ನೀರಲ್ಲಿ ನೆನೆಸಿ, ನೀರು ಬದಲಿಸುತ್ತ ಇದ್ದು ಆಮೇಲೆ ಬಳಸಿ. ತಗಡಿನ ಡಬ್ಬಿಗೆ ತೂತು ಕೊರೆಯುವುದು ಸುಲಭ, ಆದರೆ ಬಿಸಿಲಲ್ಲಿ ಕಾಯುತ್ತದೆ, ತುಕ್ಕು ಹಿಡಿಯುತ್ತದೆ. ಗಾಜಿನ ಬಟ್ಟಲು, ಮುಚ್ಚಿದ ಟೆರೇರಿಯಂ (ಒಳಗೆ ಗಿಡ ಬೆಳೆಸುವ ಗಾಜಿನ ಪೆಟ್ಟಿಗೆ) ಇವು ಜರಿಗಿಡ, ಪಾಚಿಗೆ ಸರಿ. ಕ್ಯಾಕ್ಟಸ್‌ಗೆ ಖಂಡಿತ ಬೇಡ.

ಕುಂಡದ ಗಾತ್ರ ಹೇಗೆ ನಿರ್ಧರಿಸುವುದು? ಮುಂದೆ ಬೆಳೆಯುತ್ತದೆಂದು ದೊಡ್ಡದರಲ್ಲೇ ನೆಡಬಹುದೇ?

ಬೇಡ. ಬೇರು ತಲುಪದ ಮಣ್ಣಿನಲ್ಲಿ ನೀರನ್ನು ಹೀರುವವರು ಯಾರೂ ಇರುವುದಿಲ್ಲ. ದೊಡ್ಡ ಕುಂಡದಲ್ಲಿನ ಸಣ್ಣ ಗಿಡ ಒದ್ದೆ ಮಣ್ಣಿನ ನಡುವೆ ಕೂತಿರುತ್ತದೆ, ಎಷ್ಟೇ ಒಳ್ಳೆಯ ತೂತಿದ್ದರೂ.

ದುಂಡನೆಯ ಕ್ಯಾಕ್ಟಸ್‌ಗೆ ಗಿಡದ ಅಗಲಕ್ಕಿಂತ 2–3 ಸೆಂ.ಮೀ. ಹೆಚ್ಚಿನ ಅಗಲದ ಕುಂಡ ಸಾಕು. ಕಂಬದಂತೆ ಬೆಳೆಯುವುದಕ್ಕೆ ಎತ್ತರದ ಮೂರನೇ ಒಂದರಿಂದ ಅರ್ಧದಷ್ಟು ಅಗಲ ಇರಲಿ, ಇಲ್ಲದಿದ್ದರೆ ಉರುಳುತ್ತದೆ. ಆದರೆ ಇದೆಲ್ಲ ಮೇಲಿನಿಂದ ನೋಡಿ ಮಾಡುವ ಅಂದಾಜು. ಕೊನೆಯ ಮಾತು ಬೇರಿನದು. ಗಿಡವನ್ನು ಹೊರತೆಗೆದಾಗ ಬೇರಿನ ಮುದ್ದೆ ಚಿಕ್ಕದಿದ್ದರೆ ಕುಂಡವೂ ಚಿಕ್ಕದಿರಲಿ.

ಆಳದ ಕುಂಡವೋ, ತಗ್ಗಿನ ಬಟ್ಟಲೋ?

ಗಿಡದ ಬೇರನ್ನು ಕೇಳಬೇಕು. ಉತ್ತರ ಅಮೆರಿಕದ ಸೊನೊರಾ ಮರುಭೂಮಿಯ ಸಗ್ವಾರೊ ಎಂಬ ಕಂಬದಂಥ ಕ್ಯಾಕ್ಟಸ್ 12 ಮೀಟರ್ ಮೀರಿ ಬೆಳೆಯಬಲ್ಲದು, ಆದರೂ ಅದರ ಬಹುಪಾಲು ಬೇರುಗಳು ನೆಲದ ಮೇಲಿನ 10–15 ಸೆಂ.ಮೀ.ನಲ್ಲೇ ದೂರದೂರಕ್ಕೆ ಚಾಚಿರುತ್ತವೆ. ಅಪರೂಪಕ್ಕೆ ಬರುವ ಮಳೆ ಮೇಲ್ಮಣ್ಣನ್ನಷ್ಟೇ ನೆನೆಸುವ ಊರಿನ ಗಿಡಗಳು ಇವು. ಮ್ಯಾಮಿಲೇರಿಯಾ, ಜಿಮ್ನೊಕ್ಯಾಲಿಸಿಯಂ ಜಾತಿಗಳಲ್ಲಿ ಹೆಚ್ಚಿನವು ಹೀಗೆ ಹರಡುವ ತಂತುಬೇರಿನವು, ಹೆಚ್ಚು ಆಳ ಕೇಳುವುದಿಲ್ಲ. ಏರಿಯೊಕಾರ್ಪಸ್, ಲೊಫೊಫೊರಾ ಮತ್ತು ಹಲವು ಕೊಪಿಯಾಪೊಗಳಿಗೆ ಮೂಲಂಗಿಯಂತೆ ದಪ್ಪನೆಯ ತಾಯಿಬೇರು ಇರುತ್ತದೆ. ಇವನ್ನು ತಗ್ಗು ಬಟ್ಟಲಿನಲ್ಲಿ ಬೇರು ಮಡಿಚಿ ನೆಟ್ಟರೆ ಕೊಳೆಯುವುದು ಖಚಿತ. ತಾಯಿಬೇರು ನೆಟ್ಟಗೆ ಇಳಿದು, ಕೆಳಗೆ ಒಂದೆರಡು ಬೆರಳಷ್ಟು ಜಾಗ ಉಳಿಯುವಷ್ಟು ಆಳ ಬೇಕು.

ತಗ್ಗು ಬಟ್ಟಲಿನಲ್ಲಿ ನೆಡುವಾಗ ಮೇಲಿನ ಸ್ಪಂಜ್ ನೆನಪಿರಲಿ. ಎತ್ತರ ಕಡಿಮೆಯಾದಷ್ಟೂ ಒದ್ದೆ ಪದರದ ಪಾಲು ಹೆಚ್ಚು. ಬಟ್ಟಲಿಗೆ ಹಾಕುವ ಮಿಶ್ರಣ ಇನ್ನಷ್ಟು ಒರಟಾಗಿರಬೇಕು. ಅಂಗಡಿಯಲ್ಲಿ ಕಾಣುವ, ಐದಾರು ಬಗೆಯ ಕ್ಯಾಕ್ಟಸ್ ತುಂಬಿದ ತೂತಿಲ್ಲದ ತಗ್ಗು ಬಟ್ಟಲುಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವುಗಳಲ್ಲಿ ತಪ್ಪುಗಳೆಲ್ಲ ಒಟ್ಟಿಗೇ ಸೇರಿರುತ್ತವೆ.

ಮಿಶ್ರಣ ಹೇಗಿರಬೇಕು?

ಅರ್ಧದಿಂದ ಮುಕ್ಕಾಲು ಭಾಗ ಒರಟು ಖನಿಜ: ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು), ಪರ್ಲೈಟ್ (ಕಾಯಿಸಿ ಉಬ್ಬಿಸಿದ ಬಿಳಿ ಖನಿಜದ ಹರಳು), ದಪ್ಪ ಮರಳು, ಇಟ್ಟಿಗೆ ಚೂರು, ಸಣ್ಣ ಜಲ್ಲಿ ಯಾವುದಾದರೂ ಸರಿ, ಕಣ 2ರಿಂದ 5 ಮಿ.ಮೀ. ಇರಲಿ. ಉಳಿದದ್ದು ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಕಾಂಪೋಸ್ಟ್. ಜರಡಿ ಹಿಡಿದು ಧೂಳನ್ನು ತೆಗೆಯುವ ಕೆಲಸವನ್ನು ಮಾತ್ರ ಬಿಡಬೇಡಿ. ನಯವಾದ ಮರಳು ಸಂದುಗಳನ್ನು ತುಂಬಿ ಮಿಶ್ರಣವನ್ನು ಬಿಗಿಗೊಳಿಸುತ್ತದೆ, ನೀರು ಬಸಿಯಲು ಅದರಿಂದ ಉಪಕಾರವಿಲ್ಲ. ಬರೀ ಕೊಕೊಪೀಟ್‌ನಲ್ಲಿ ನೆಡಬೇಡಿ, ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೋಟದ ಜೇಡಿಮಣ್ಣೂ ಅಷ್ಟೇ.

ತೂತಿಲ್ಲದ ಚೆಂದದ ಕುಂಡವೊಂದಿದೆ. ಏನು ಮಾಡಲಿ?

ಎರಡು ದಾರಿ. ಗಿಡವನ್ನು ತೂತಿರುವ ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು, ಚೆಂದದ ಕುಂಡದೊಳಗೆ ಇಡುವುದು ಮೊದಲನೆಯದು. ನೀರು ಹಾಕುವಾಗ ಒಳಗಿನದನ್ನು ಹೊರತೆಗೆದು, ಪೂರ್ತಿ ಬಸಿದ ಮೇಲೆ ವಾಪಸ್ ಇಡಿ. ಹೊರಕುಂಡದ ತಳದಲ್ಲಿ ನೀರು ಸೇರಿದೆಯೇ ಎಂದು ನೋಡುತ್ತಿರಿ.

ಎರಡನೆಯದು ಕೊರೆಯುವುದು. ಹೊಳಪಿನ ಸೆರಾಮಿಕ್‌ಗೆ ವಜ್ರದ ಪುಡಿ ಲೇಪಿಸಿದ ಡ್ರಿಲ್ ಬಿಟ್ (ಕೊರೆಯುವ ಮೊನೆ), ಹೊಳಪಿಲ್ಲದ ಮಣ್ಣಿನ ಕುಂಡಕ್ಕೆ ಗೋಡೆ ಕೊರೆಯುವ ಬಿಟ್ ಬೇಕು. ಮಣ್ಣಿನ ಕುಂಡವನ್ನು ಮೊದಲು ನೀರಲ್ಲಿ ನೆನೆಸಿ. ಕುಂಡವನ್ನು ಹಳೆಯ ಟವೆಲ್ ಮೇಲೆ ಬೋರಲಾಗಿಟ್ಟು, ಬಿಟ್ ಜಾರದಂತೆ ತಳಕ್ಕೆ ಟೇಪ್ ಅಂಟಿಸಿ, ಡ್ರಿಲ್‌ನ ಹ್ಯಾಮರ್ ಕ್ರಿಯೆ ಬಂದ್ ಮಾಡಿ, ನಿಧಾನ ವೇಗದಲ್ಲಿ ಶುರು ಮಾಡಿ. ಬಲ ಹಾಕಬೇಡಿ, ಕೊರೆತ ಮುಗಿಯುವ ಹೊತ್ತಿಗಂತೂ ಇನ್ನೂ ಹಗುರವಾಗಿ ಹಿಡಿಯಿರಿ. ಹೆಚ್ಚಿನ ಕುಂಡಗಳು ಸೀಳುವುದು ಆಗಲೇ. ಕೊರೆಯುವ ಜಾಗಕ್ಕೆ ಆಗಾಗ ಸ್ವಲ್ಪ ನೀರು ಚಿಮುಕಿಸಿದರೆ ಬಿಟ್ ಕಾಯುವುದಿಲ್ಲ, ಧೂಳೂ ಏಳುವುದಿಲ್ಲ. ವಿದ್ಯುತ್ ಉಪಕರಣಕ್ಕೆ ನೀರು ತಾಗದಿರಲಿ, ಬ್ಯಾಟರಿಯ ಡ್ರಿಲ್ ಇದ್ದರೆ ಅದನ್ನೇ ಬಳಸಿ. ಕನ್ನಡಕ ಮತ್ತು ಮಾಸ್ಕ್ ಹಾಕಿಕೊಳ್ಳಲೇಬೇಕು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕೆಳಗೆ ತಟ್ಟೆ ಇಡಬಹುದೇ?

ಇಡಬಹುದು, ನೀರು ಹಾಕಿದ ಅರ್ಧ ಗಂಟೆಯೊಳಗೆ ತಟ್ಟೆಗೆ ಇಳಿದ ನೀರನ್ನು ಚೆಲ್ಲುವುದಾದರೆ. ಸಪಾಟು ತಳದ ಕುಂಡ ಸಪಾಟು ನೆಲಕ್ಕೆ ಕಚ್ಚಿಕೊಂಡು ಕೂತರೆ ತೂತು ಮುಚ್ಚಿದಂತೆಯೇ. ಮೂರು ಕಡೆ ಸಣ್ಣ ಟೈಲ್ ಚೂರು ಕೊಟ್ಟು ಒಂದು ಸೆಂ.ಮೀ. ಎತ್ತರಿಸಿದರೆ ನೀರು ಸಲೀಸಾಗಿ ಇಳಿಯುತ್ತದೆ, ಕೆಳಗಿನಿಂದ ಗಾಳಿಯೂ ಆಡುತ್ತದೆ. ತಾನಾಗಿ ನೀರು ಹೀರಿಕೊಳ್ಳುವ ಟ್ಯಾಂಕ್ ಇರುವ ಕುಂಡಗಳು ಕ್ಯಾಕ್ಟಸ್‌ಗೆ ಬೇಡ. ಎರಡು ನೀರಿನ ನಡುವೆ ಇದಕ್ಕೆ ಪೂರ್ತಿ ಒಣಗಿದ ಅವಧಿ ಬೇಕು, ಆ ಕುಂಡಗಳು ಅದನ್ನು ಕೊಡುವುದೇ ಇಲ್ಲ.

ಬ್ರಹ್ಮಕಮಲಕ್ಕೂ ಇದೇ ನಿಯಮವೇ?

ಮನೆಗಳಲ್ಲಿ ಬ್ರಹ್ಮಕಮಲ ಎಂದು ಬೆಳೆಸುವ, ರಾತ್ರಿ ಅರಳುವ ಎಪಿಫಿಲಮ್ ಕೂಡ ಕ್ಯಾಕ್ಟಸ್ ಕುಟುಂಬದ್ದೇ. ಆದರೆ ಅದು ಮರುಭೂಮಿಯದಲ್ಲ, ಕಾಡಿನ ಮರಗಳ ಮೇಲೆ ಬೆಳೆಯುವಂಥದ್ದು. ರಿಪ್ಸಾಲಿಸ್, ಶ್ಲಂಬರ್ಗೆರಾ ಕೂಡ ಹಾಗೆಯೇ. ಇವಕ್ಕೆ ನೀರು ಹೆಚ್ಚು ಬೇಕು, ಕಲ್ಲುಮಣ್ಣಿನ ಬದಲು ಮರದ ತೊಗಟೆ ಚೂರು ಬೆರೆಸಿದ ಹಗುರ ಮಿಶ್ರಣ ಬೇಕು. ತೂತಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮರದ ಕೊಂಬೆಯ ಮೇಲೆ ನೀರು ನಿಲ್ಲುವುದೇ ಇಲ್ಲವಲ್ಲ!

ನನ್ನ ಕುಂಡ ಸರಿಯಾಗಿ ಬಸಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಒಂದು ಲೋಟ ನೀರು ಹೊಯ್ಯಿರಿ. ಅದು ಕೆಲವೇ ಸೆಕೆಂಡುಗಳಲ್ಲಿ ಇಂಗಿ, ಬೇಗನೆ ತೂತಿನಿಂದ ಹೊರಬರಬೇಕು. ಮೇಲೆ ಕೆರೆಯಂತೆ ನಿಂತರೆ ಮಿಶ್ರಣ ಬಿಗಿಯಾಗಿದೆ. ಇಂಗಿಯೂ ಕೆಳಗೆ ಬಾರದಿದ್ದರೆ ತೂತು ಕಟ್ಟಿದೆ, ಕಡ್ಡಿ ಹಾಕಿ ನೋಡಿ. ಹೊಯ್ದದ್ದೆಲ್ಲ ತಕ್ಷಣ ಅಂಚಿನ ಗುಂಟ ಹರಿದು ಹೋದರೆ ಮಣ್ಣು ಒಣಗಿ ಗೋಡೆಯಿಂದ ಬಿಟ್ಟುಕೊಂಡಿದೆ, ಬೇರಿಗೆ ನೀರೇ ಸಿಕ್ಕಿಲ್ಲ. ಒಣ ಕುಂಡದ ತೂಕವನ್ನೂ ನೀರು ಹಾಕಿದ ಮೇಲಿನ ತೂಕವನ್ನೂ ಕೈಯಲ್ಲಿ ಎತ್ತಿ ಗುರುತಿಟ್ಟುಕೊಳ್ಳಿ. ಮತ್ತೆ ಹಗುರವಾಗಲು ಎರಡು ವಾರಕ್ಕಿಂತ ಹೆಚ್ಚು ಹಿಡಿದರೆ ಕುಂಡ, ಮಿಶ್ರಣ, ಇಟ್ಟಿರುವ ಜಾಗ ಮೂರನ್ನೂ ಮರುಪರಿಶೀಲಿಸಿ.

ಬುಡ ಮೆತ್ತಗಾಗಿದೆ. ಈಗ ಕುಂಡ ಬದಲಿಸಿದರೆ ಉಳಿಯುತ್ತದೆಯೇ?

ಬುಡ ಕಂದಾಗಿ ಗಟ್ಟಿಯಾಗಿದ್ದರೆ ಅದು ವಯಸ್ಸಿನಿಂದ ಬಂದ ತೊಗಟೆ, ಹೆದರಬೇಡಿ. ಒತ್ತಿದರೆ ಒಳಹೋಗುತ್ತಿದ್ದರೆ, ಗಿಡ ಅಲುಗಾಡುತ್ತಿದ್ದರೆ ಅದು ಕೊಳೆ, ಕುಂಡ ಬದಲಿಸಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಮೇಲಿನ ಆರೋಗ್ಯವಾದ ಭಾಗವನ್ನು ಕತ್ತರಿಸಿ. ಕತ್ತರಿಸಿದ ಮುಖದಲ್ಲಿ, ಅದರಲ್ಲೂ ನಡುವಿನ ಉಂಗುರದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೂ ಮೇಲೆ ಕತ್ತರಿಸಬೇಕು. ಪ್ರತಿ ಸಲವೂ ಚಾಕು ಒರೆಸಿ. ಪೂರ್ತಿ ಸ್ವಚ್ಛ ಮುಖ ಸಿಕ್ಕ ಮೇಲೆ ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ, ಒಣ ಮಿಶ್ರಣದ ಮೇಲೆ ಕೂರಿಸಿ.

ಹಳೆಯ ಕುಂಡ ಮತ್ತೆ ಬಳಸಬಹುದೇ?

ಧಾರಾಳವಾಗಿ. ಮಣ್ಣನ್ನು ಉಜ್ಜಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ 10 ನಿಮಿಷ ಮುಳುಗಿಸಿ, ಚೆನ್ನಾಗಿ ತೊಳೆದು ಒಣಗಿಸಿ. ಬಿಳಿ ಲವಣ ತೆಗೆಯಲು ವಿನೆಗರ್ ಬಳಸುವುದಾದರೆ ಅದನ್ನು ಬೇರೆ ದಿನ ಮಾಡಿ. ಬ್ಲೀಚ್ ಮತ್ತು ವಿನೆಗರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಕೊಂಡು ತಂದ ಗಿಡವನ್ನು ತಕ್ಷಣ ಬೇರೆ ಕುಂಡಕ್ಕೆ ಹಾಕಬೇಕೇ?

ಮೇಲೆ ಬಣ್ಣದ ಕಲ್ಲುಗಳನ್ನು ಅಂಟಿನಿಂದ ಅಂಟಿಸಿದ್ದರೆ ಅಥವಾ ಕುಂಡಕ್ಕೆ ತೂತಿಲ್ಲದಿದ್ದರೆ ಕಾಯಬೇಡಿ. ಅಂಟಿನ ಪದರ ಮಣ್ಣು ಒಣಗದಂತೆ ತಡೆಯುತ್ತದೆ, ಬುಡವನ್ನೂ ಬಿಗಿಯುತ್ತದೆ. ಅದನ್ನು ಬುಡಕ್ಕೆ ಗಾಯವಾಗದಂತೆ ಚೂರುಚೂರಾಗಿ ಒಡೆದು ತೆಗೆಯಿರಿ. ಉಳಿದಂತೆ ಗಿಡ ಬೆಳೆಯುವ ಕಾಲ ಬರುವವರೆಗೆ ಕಾಯಬಹುದು. ಮುಳ್ಳಿನ ಗಿಡವನ್ನು ಹಲವು ಮಡಿಕೆಯ ದಿನಪತ್ರಿಕೆಯ ಪಟ್ಟಿಯಲ್ಲಿ ಸುತ್ತಿ ಎತ್ತಿ, ಬೇರಿಗೆ ಮೆತ್ತಿದ ಹಳೆಯ ಪೀಟ್ (ಜೌಗಿನಲ್ಲಿ ಪಾಚಿ ಕೊಳೆತು ಆದ ಮಣ್ಣು) ಉಂಡೆಯನ್ನು ಬಿಡಿಸಿ. ಹರಿದ ಬೇರುಗಳು ಒಣಗಲು ಎರಡು ಮೂರು ದಿನ ಹೊರಗಿಟ್ಟು, ಒಣ ಮಿಶ್ರಣದಲ್ಲಿ ನೆಡಿ. ಮೊದಲ ನೀರು ಸುಮಾರು ಒಂದು ವಾರದ ಮೇಲೆ.